ಪೆರುಮಾಳನ ಬಾಯಿಬಟ್ಟೆ

"ಆ ಬಟ್ಟೆ ಮಾತ್ರ ತೆಗೀಬ್ಯಾಡಿ ಸಾ," ಎಂದ ಹೆಡ್ ಕಾನ್‌ಸ್ಟೇಬಲ್ ಚಿಕ್ಕಮುನಿಯಪ್ಪ.

ಹೊಸದಾಗಿ ವರ್ಗವಾಗಿ ಬಂದಿದ್ದ ಸಬ್‌ಇನ್‌ಸ್ಪೆಕ್ಟರ್ ಸುಧಾಕರ್ ನಕ್ಕುಬಿಟ್ಟ. ಪೊಲೀಸಿನವನಿಗೂ ಇಂಥ ಪುಕ್ಕಲೇ ಎಂದು ಕೆಣಕಿದ. ಕುರ್ಚಿಗೆ ಕಟ್ಟಿಹಾಕಿದ್ದ ಮುದುಕ ಪೆರುಮಾಳ್ ಅರಿಸಿನದ ಬಟ್ಟೆಯೊಂದನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ. ಗಣಿಯಲ್ಲಿ ದುಡಿಯುತ್ತಿದ್ದಾಗ ಯಾರೋ ಅವನಿಗೆ ಮಾಟ ಮಾಡಿಸಿದ್ದರಂತೆ. ನೋವಿನಲ್ಲಿ ಅವನ ಬಾಯಿಂದ ಬಿದ್ದ ಮಾತು, ಆ ನೋವು ಕೊಟ್ಟವನ ಮನೆಯಲ್ಲಿ ನಡೆದೇ ತೀರುತ್ತದಂತೆ. ಬಂಡೆಯಡಿ ಅವನ ಬೆರಳು ಜಜ್ಜಿಹೋದಾಗಲೂ ಜೊತೆಯವರು ಮೊದಲು ಬಾಯಿಗೆ ಬಟ್ಟೆ ತುರುಕಿ, ಆಮೇಲೆ ಬೆರಳು ಬಿಡಿಸಿದರಂತೆ. ಚಾಂಪಿಯನ್ ರೀಫ್ಸ್‌ನಂಥ ಗಣಿಯೂರಿನಲ್ಲಿ ಅಂತೆಕಂತೆಗಳಿಗೇನು ಬರ!

ಸುಧಾಕರನಿಗೆ ಬೇಕಿದ್ದವಳು ವನಿತಾ. ನೀಲಿ ಯೂನಿಫಾರ್ಮಿನ ಪುಟ್ಟ ಹುಡುಗಿ, ಬೆಳಿಗ್ಗೆಯಿಂದ ಕಾಣೆ. ಮಾರಿಕುಪ್ಪಂ ರೈಲು ಸ್ಟೇಷನ್ನಿನಲ್ಲಿ ಕಡೆಗೆ ಅವಳ ಜೊತೆ ಕಂಡವನು ಪೆರುಮಾಳ್. ಕೂಸಿನ ಜೀವದ ಮುಂದೆ ಈ ಮುದುಕನ ಅಂಗಾಲು ಯಾವ ಲೆಕ್ಕ? ಹಾಗಂದುಕೊಂಡರೆ ಲಾಠಿ ಎಷ್ಟು ಹಗುರವಾಗುತ್ತದೆ ನೋಡಿ. ಅವನು ಬಟ್ಟೆ ಕಿತ್ತೆಸೆದ.

"ವೇಣಾಂ ಸಾರ್, ಬ್ಯಾಡ," ಪೆರುಮಾಳ್ ಗೋಗರೆದ. "ನಂಗೊತ್ತಿಲ್ಲ. ಒಡೀಬ್ಯಾಡಿ. ನಿಮ್ಮನೇಗೇ ಬತ್ತದೆ."

ಕರೆಂಟು ಹೋಯಿತು. ಕಿಟಕಿಯಿಲ್ಲದ ಕೋಣೆ. ಬೆವರು, ಉಚ್ಚೆ, ಅರಿಸಿನದ ವಾಸನೆ. ಲಾಠಿಯ ಸದ್ದು. ಎಲ್ಲಿ ಹಾಕಿದೆ? ಸದ್ದು. ಗಣಿಯ ಹಳೇ ಶಾಫ್ಟಿನ ಬಾವಿಗೆ ತಾನೇ? ಸದ್ದು. ಕೊನೆಗೆ ಪೆರುಮಾಳ್ ಒಪ್ಪಿಕೊಂಡ. ಹೌದು, ಹಳೇ ಶಾಫ್ಟು. ಹೌದು, ತಳ್ಳಿದೆ. ಹಳದಿ ಫ್ರಾಕಿನ ಮಗು.

ವನಿತಾ ಹಾಕಿದ್ದು ನೀಲಿಯಲ್ಲವೇ ಎಂದು ಚಿಕ್ಕಮುನಿಯಪ್ಪ ಮೆಲ್ಲಗೆ ಕೇಳಿದ. ಮುದುಕ ಬಣ್ಣದಲ್ಲಿ ಸುಳ್ಳು ಹೇಳುತ್ತಿದ್ದಾನೆ ಎಂದು ಗದರಿ ಸುಧಾಕರ್ ಚಿಕ್ಕಮುನಿಯಪ್ಪನನ್ನು ಶಾಫ್ಟಿನ ಕಡೆ ಓಡಿಸಿದ.

ಸ್ವಲ್ಪ ಹೊತ್ತಿಗೆ ಬಂಗಾರಪೇಟೆಯಿಂದ ಫೋನು. ರೈಲು ಹತ್ತಿ ನಿದ್ದೆಹೋಗಿದ್ದ ವನಿತಾ ಅಲ್ಲಿ ಟೀ ಅಂಗಡಿಯ ವೆಂಕಟಮ್ಮನ ಪಕ್ಕ ಕೂತು ಇಡ್ಲಿ ತಿನ್ನುತ್ತಿದ್ದಾಳೆ.

ಅದರ ಹಿಂದೆಯೇ ಹೆಂಡತಿಯ ಫೋನು. ಬಾಗಿಲಲ್ಲೇ ಆಡುತ್ತಿದ್ದ ಮಗಳು ಹರಿಪ್ರಿಯಾ ಕಾಣುತ್ತಿಲ್ಲ. ಬೆಳಿಗ್ಗೆ ಅವಳ ಹಳದಿ ಫ್ರಾಕಿನ ಗುಂಡಿ ಹಾಕಿದ್ದು ಸುಧಾಕರನೇ.

ಅಯ್ಯೋ, ಆಗಲಾದರೂ ನಿಲ್ಲಿಸಿದನೇ? ಮುದುಕನ ಬಾಯಿಂದ ಹೋದ ಮಗು ಅದೇ ಬಾಯಿಂದ ಬರಲಿ ಎಂದು ಮತ್ತೆ ಲಾಠಿ ಎತ್ತಿದ. ಬದುಕಿದ್ದಾಳೆ ಅನ್ನು. ಹೊಡೆದ. ಸುಧಾಕರನ ಕಣ್ಣೀರು ಸುರಿಯುತ್ತಿತ್ತು. ಅನ್ನೋ. ಹೊಡೆದ. ಪೆರುಮಾಳನಿಗೂ ಆ ಮಾತು ಹೇಳುವ ಆಸೆಯೇ ಇತ್ತು, ಪಾಪ. ಬದುಕವ್ಳೆ ಎಂದು ಚೀರಿದ. ಕತ್ತು ವಾಲಿತು.

ಮತ್ತೆ ಫೋನು. ಚಿಕ್ಕಮುನಿಯಪ್ಪ ಅಳುತ್ತಿದ್ದ.

"ಪಾಪು ಬದುಕವ್ಳೆ ಸಾ. ಶಾಫ್ಟಿನೊಳಗಿಂದ ಅಪ್ಪಾ ಅಂತ ಕೂಗ್ತಾವ್ಳೆ. ಎಷ್ಟು ಅಗ್ಗ ಬಿಟ್ರೂ ತಳ ಸಿಕ್ತಿಲ್ಲ."

ಮೇಲೆ ಬಂದಳು ಅನ್ನು, ಅದೊಂದು ಮಾತು ಅನ್ನು ಎಂದು ಸುಧಾಕರ್ ಪೆರುಮಾಳನ ಭುಜ ಹಿಡಿದು ಅಲುಗಾಡಿಸಿದ. ಮುದುಕನ ಉಸಿರು ನಿಂತುಹೋಗಿತ್ತು. ಫೋನಿನಲ್ಲಿ ಮಗು ಕೂಗುತ್ತಲೇ ಇತ್ತು.