ವೈರುಗಳಿಗೆ ಬಣ್ಣ ಬಳಿದ ಅಪ್ಪ

"ಕೂತ್ಕೊಳ್ಳಿ ಸರ್. ಫ್ಯಾನ್ ಜೋರು ಮಾಡ್ಲಾ ಸರ್? ಪಾಪು, ನಿಂಗೆ ಜ್ಯೂಸ್ ಬೇಕಾ?"

ಇಷ್ಟೊಂದು ಸಲ 'ಸರ್' ಅನ್ನಿಸಿಕೊಂಡು ಅಪ್ಪನಿಗೆ ಅಭ್ಯಾಸವಿರಲಿಲ್ಲ. ತಿರುಗುವ ಕುರ್ಚಿಯ ತುದಿಯಲ್ಲಿ ಮುಳ್ಳಿನ ಮೇಲೆ ಕೂತ ಹಾಗೆ ಕೂತ. ಪಕ್ಕದ ಕುರ್ಚಿಯಲ್ಲಿದ್ದ ಮಗಳು ಚುಕ್ಕಿ ಗಿರ್ರನೆ ಒಂದು ಸುತ್ತು ತಿರುಗಿದಳು. ಅಪ್ಪ ಕಣ್ಣಲ್ಲೇ ಗದರಿದ್ದು ನೋಡಿ ನಿಲ್ಲಿಸಿದಳು.

"ಮೂರೇ ತಿಂಗಳು ಸರ್, ನೀವು ಎಲೆಕ್ಟ್ರೀಷಿಯನ್!" ಎಂದ ತರಬೇತಿ ಕೇಂದ್ರದ, ಟೈ ಕಟ್ಟಿದ ಅಣ್ಣ. "ಬೆಳಗ್ಗೆ ಬನ್ನಿ, ಮಧ್ಯಾಹ್ನ ಮನೆಗೆ ಹೋಗಿ. ಎಲ್ಲಾ ದೊಡ್ಡ ಸ್ಕ್ರೀನ್ ಮೇಲೇ ತೋರಿಸ್ತೀವಿ, ಕೈ ಕೊಳೆ ಆಗೋದೇ ಇಲ್ಲ. ಕೊನೇಲಿ ಸರ್ಟಿಫಿಕೇಟ್, ಫ್ರೇಮ್ ಸಮೇತ."

"ನಾನು ಇದುವರೆಗೂ ಬೇರೆ ಕೆಲಸ ಮಾಡ್ತಿದ್ದೆ..." ಅಪ್ಪ ಮೆಲ್ಲಗೆ ಶುರುಮಾಡಿದ.

"ಸೂಪರ್ ಸರ್!"

"ಕರೆಂಟಿನ ಬಗ್ಗೆ ನಂಗೇನೂ ಗೊತ್ತಿಲ್ಲ."

"ಅದೂ ಸೂಪರ್ ಸರ್!"

ಚುಕ್ಕಿಗೆ ನಗು ತಡೆಯಲಾಗದೆ ಜ್ಯೂಸು ಮೂಗಿಗೇರಿತು. ಆದರೆ ಒಂದು ಮಾತು ಅವಳಿಗೆ ಬಹಳ ಹಿಡಿಸಿತು: ಮಧ್ಯಾಹ್ನ ಮನೆಗೆ. ಅಂದರೆ ಸಂಜೆ ಅಪ್ಪ ಅವಳಿಗೇ ಉಳಿಯುತ್ತಾನೆ.

ಅಪ್ಪ ಬೋರ್ಡ್ ಬರೆಯುವ ಪೇಂಟರ್. ಅವರ ಬೀದಿಯಲ್ಲಿ ಅವನ ಕೈ ಸೋಕದ ಅಂಗಡಿಯೇ ಇರಲಿಲ್ಲ. ಚುಕ್ಕಿಗೆ ಆ ಹೆಸರು ಬಂದದ್ದೂ ಒಂದು ಬೋರ್ಡಿನಿಂದಲೇ. ಆಗಿನ್ನೂ ಅವಳು ತಪ್ಪು ಹೆಜ್ಜೆ ಇಡುತ್ತಿದ್ದ ಕೂಸು. ಅಪ್ಪ ಔಷಧಿ ಅಂಗಡಿಯ ಬೋರ್ಡು ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ, ಕೆಂಪು ಬಣ್ಣದಲ್ಲಿ ಬೆರಳದ್ದಿ ಅದರ ಮೂಲೆಗೊಂದು ಚುಕ್ಕಿ ಇಟ್ಟುಬಿಟ್ಟಿದ್ದಳು. ಅಪ್ಪ ತಲೆ ಮೇಲೆ ಕೈ ಹೊತ್ತ. ಅಂಗಡಿಯ ತಾತ ಮಾತ್ರ, "ಅಳಿಸ್ಬೇಡಪ್ಪ, ನಿನ್ನ ಮಗಳ ಸಹಿ ಅದು" ಎಂದಿದ್ದರು.

ಆಮೇಲಿನ ಸಂಜೆಗಳನ್ನು ನೆನೆದರೆ ಅವಳಿಗೆ ಈಗಲೂ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನಿನ ವಾಸನೆ ಬರುತ್ತದೆ. ಅಪ್ಪ ಏಣಿಯ ಮೇಲೆ, ಅವಳು ಕೆಳಗಿನ ಮೆಟ್ಟಿಲ ಮೇಲೆ. ಕುಂಚ ಓಡುವಷ್ಟು ಹೊತ್ತೂ ಅಪ್ಪನ ಬಾಯಿಯೂ ಓಡುತ್ತಿತ್ತು. "ನೋಡು ಚುಕ್ಕೀ, ಹಳದಿ ಮೇಲೆ ಬಿಳಿ ಬರೆದ್ರೆ ಯಾರಿಗೂ ಕಾಣಲ್ಲ. ಅದೇ ಕಪ್ಪು ಬರಿ, ಬಸ್ಸಿನಲ್ಲಿ ಹೋಗೋರಿಗೂ ಕಾಣುತ್ತೆ!" ಎಂದು ಒಂದೊಂದು ಅಕ್ಷರದ ಹೊಟ್ಟೆ, ಬೆನ್ನು, ಕೊಂಬು ಎಲ್ಲದರ ಕತೆ ಹೇಳುತ್ತಿದ್ದ. ಎಷ್ಟು ಚೆನ್ನಾಗಿದ್ದವು ಆ ದಿನಗಳು!

ಆಮೇಲೆ ಬೋರ್ಡು ಪ್ರಿಂಟ್ ಮಾಡುವ ಮಶೀನು ಬಂತು. ಒಂದೊಂದೇ ಅಂಗಡಿಯ ಬೋರ್ಡು ಕೆಳಗಿಳಿಯಿತು. ಕೆಲಸ ನಿಂತ ಮೇಲೆ ಅಪ್ಪನ ಮಾತೂ ನಿಂತಿತು. ಈಗ ಸಂಜೆ ಇಬ್ಬರೂ ಕೈಹಿಡಿದು ಅದೇ ಬೀದಿಯಲ್ಲಿ ನಡೆಯುತ್ತಾರೆ. ಚುಕ್ಕಿ ಹತ್ತು ಮಾತಾಡಿದರೆ ಅಪ್ಪ "ಹೂಂ" ಅನ್ನುತ್ತಾನೆ, ತಪ್ಪಿದರೆ "ಊಹೂಂ". ಆದರೂ ಆ ನಡಿಗೆಯನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿಲ್ಲ.

ಎಲೆಕ್ಟ್ರೀಷಿಯನ್ ಆಗುವ ಯೋಚನೆ ಅಮ್ಮನದು. ಬೇಕರಿಯ ಕೌಂಟರಿನಲ್ಲಿ ಕೆಲಸ ಮಾಡುವ ಅಮ್ಮ ಊರ ಕಷ್ಟವನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ. "ಮನೆ ಅನ್ನೋದು ಇರೋವರೆಗೂ ಫ್ಯೂಸ್ ಹೋಗ್ತಾನೇ ಇರುತ್ತೆ. ಕರೆದ ದಿನ ಬರೋ ಎಲೆಕ್ಟ್ರೀಷಿಯನ್ ಇದ್ರೆ ಜನ ಎತ್ಕೊಂಡು ಮೆರವಣಿಗೆ ಮಾಡ್ತಾರೆ" ಎಂದಿದ್ದಳು. ಫೋನಿನಲ್ಲಿ ನೋಡಿಯೇ ಕಲಿಯುವ ಕೋರ್ಸೂ ಒಂದಿತ್ತು. ಅಪ್ಪ ಮನೆಯಲ್ಲೇ ಇರುತ್ತಾನಲ್ಲ ಎಂದು ಚುಕ್ಕಿ ಅದಕ್ಕೇ ಓಟು ಹಾಕಿದ್ದಳು. "ಫೋನ್ ನೋಡಿ ಈಜು ಕಲಿತವರು ಬಾವಿಗೆ ಹಾರಿ ನೋಡ್ಲಿ" ಎಂದು ಅಮ್ಮ ಅದನ್ನು ಅಲ್ಲಿಗೇ ಮುಗಿಸಿದ್ದಳು.

ಟೈ ಅಣ್ಣನ ಕಟ್ಟಡದಿಂದ ಅವರು ಎರಡನೆಯ ಜಾಗಕ್ಕೆ ಹೋದರು. ಅದು ಗ್ಯಾರೇಜಿನ ಹಿಂದಿದ್ದ ದೊಡ್ಡ ಶೆಡ್ಡು. ಒಳಗೆ ಕೂರಲು ಕುರ್ಚಿಯಿಲ್ಲ, ಜ್ಯೂಸಂತೂ ಇಲ್ಲವೇ ಇಲ್ಲ. ಗೋಡೆಯುದ್ದಕ್ಕೂ ಮರದ ಹಲಗೆಗಳು, ಅವುಗಳ ತುಂಬ ತೂತು, ಸ್ಕ್ರೂ, ಸ್ವಿಚ್ಚು. ಹಲಗೆಗೊಬ್ಬರಂತೆ ಯುವಕ ಯುವತಿಯರು ನಿಂತು ಬೆವರು ಸುರಿಸುತ್ತಿದ್ದರು. ಕಲಿಸುವವರು ಜಡೆಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಒಬ್ಬ ಮೇಡಂ.

"ಈ ಹುಡುಗರ ಜತೆ ನಿಂತು ಕಲಿಯೋಕೆ ನಾಚಿಕೆ ಆಗುತ್ತಾ?" ಎಂದು ನೇರವಾಗಿ ಕೇಳಿದರು.

"ಆಗುತ್ತೆ" ಎಂದ ಅಪ್ಪ.

"ಸ್ವಲ್ಪ ದಿನ ಆಗುತ್ತೆ, ಆಮೇಲೆ ಹೋಗುತ್ತೆ. ಮನೇಲಿ ಯಾವತ್ತಾದ್ರೂ ಕರೆಂಟ್ ವೈರಿಗೆ ಕೈ ಹಾಕಿದೀರಾ?"

ಅಪ್ಪ ತಲೆ ಕೆರೆದುಕೊಂಡ. ಅಪ್ಪನ ಮಾನ ಉಳಿಸಲು ಇದೇ ಸಮಯ ಅನ್ನಿಸಿತು ಚುಕ್ಕಿಗೆ. ಮುಂದೆ ಬಂದಳು.

"ಹಾಕಿದಾನೆ ಮೇಡಂ! ನಮ್ಮನೇಲಿ ಗೋಡೆ ಮೇಲೇ ವೈರ್ ಹೋಗುತ್ತೆ. ಕೆಂಪು, ಕಪ್ಪು, ಹಸಿರು ಎಲ್ಲ ಅಸಹ್ಯವಾಗಿ ಕಾಣ್ತಿತ್ತು. ಅಪ್ಪ ಮೇನ್ ಸ್ವಿಚ್ ಆಫ್ ಮಾಡಿ, ಅದಕ್ಕೆಲ್ಲ ಗೋಡೆದೇ ನೀಲಿ ಬಳಿದುಬಿಟ್ಟ. ಸ್ವಿಚ್ ಬೋರ್ಡ್ ಬಿಚ್ಚಿ ಒಳಗಡೆ ತುದಿವರೆಗೂ! ಈಗ ವೈರ್ ಎಲ್ಲಿದೆ ಅಂತಾನೇ ಗೊತ್ತಾಗಲ್ಲ."

ಹುಡುಗರೆಲ್ಲ ಇತ್ತ ತಿರುಗಿದರು. ಮೇಡಂ ಕೈಯಲ್ಲಿದ್ದ ಟೆಸ್ಟರ್ ಕೆಳಗಿಟ್ಟರು.

"ಒಳಗಡೆ ತುದಿವರೆಗೂ?"

"ಅರ್ಧಂಬರ್ಧ ಕೆಲಸ ನಂಗಾಗಲ್ಲ ಮೇಡಂ" ಎಂದ ಅಪ್ಪ, ಕೊಂಚ ಹೆಮ್ಮೆಯಿಂದಲೇ.

ಆಮೇಲೆ ಶುರುವಾಯಿತು ನೋಡಿ ಬೈಗುಳ! ಮೇಡಂ ಮೂರು ವೈರು ಎತ್ತಿ ಅಪ್ಪನ ಮೂಗಿನ ಮುಂದೆ ಹಿಡಿದರು. "ಕೆಂಪು, ಇದರಲ್ಲಿ ಕರೆಂಟ್ ಬರುತ್ತೆ. ಕಪ್ಪು, ಇದರಲ್ಲಿ ವಾಪಸ್ ಹೋಗುತ್ತೆ. ಹಸಿರು, ಏನಾದ್ರೂ ಎಡವಟ್ಟಾದಾಗ ನಿಮ್ಮ ಮಗಳ ಜೀವ ಕಾಯೋದು. ಮೂರನ್ನೂ ನೀಲಿ ಮಾಡಿದ್ರೆ, ನಾಳೆ ರಿಪೇರಿಗೆ ಏಣಿ ಹತ್ತೋನಿಗೆ ಯಾವುದು ಯಾವುದು ಅಂತ ಹೇಗ್ರೀ ಗೊತ್ತಾಗ್ಬೇಕು? ಬಣ್ಣ ಇರೋದು ಚಂದಕ್ಕಾ?"

ಹುಡುಗರು ಕಿಸಕ್ಕೆಂದರು. ಚುಕ್ಕಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಎಲ್ಲ ತನ್ನಿಂದಲೇ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿರಲಿಲ್ಲವೇ?

ಅಪ್ಪ ಮಾತ್ರ ಆ ಮೂರು ವೈರುಗಳನ್ನೇ ನೋಡುತ್ತಿದ್ದ. "ಅಂದ್ರೆ, ಬೀದಿಲಿರೋ ಅಂಗಡಿ ಬೋರ್ಡಿಗೆಲ್ಲ ಸುಣ್ಣ ಬಳಿದಂಗಾಯ್ತು ನಾನು ಮಾಡಿದ್ದು" ಎಂದ ನಿಧಾನವಾಗಿ.

"ಹಾಗೇ ಆಯ್ತು" ಎಂದರು ಮೇಡಂ. ದನಿ ಸ್ವಲ್ಪ ಇಳಿದಿತ್ತು. "ನಾಳೆ ಬಂದು ನೋಡ್ತೀನಿ. ಅಲ್ಲಿವರೆಗೂ ಆ ಬೋರ್ಡ್ ಯಾರೂ ಬಿಚ್ಬೇಡಿ. ಇನ್ನು ಕೋರ್ಸ್ ಒಂದು ವರ್ಷ. ದಿನಾ ಸಂಜೆ ಬರ್ಬೇಕು, ಊಟದ ಹೊತ್ತಿಗೆ ಬಿಡ್ತೀನಿ. ಆಮೇಲೆ ಲೈಸೆನ್ಸ್ ಪರೀಕ್ಷೆ. ಫೇಲಾದ್ರೆ ಮತ್ತೆ ಕೂರೋದು. ಯೋಚ್ನೆ ಮಾಡಿ."

ದಿನಾ ಸಂಜೆ! ಚುಕ್ಕಿ ಅಪ್ಪನ ಕೈ ಗಟ್ಟಿಯಾಗಿ ಹಿಡಿದು ಹೊರಗೆಳೆದಳು.

ಬೀದಿಯ ತಿರುವಿನಲ್ಲಿ ಹಿಡಿತ ಸಡಿಲಿಸಿದಳು. "ಸಾರಿ ಅಪ್ಪಾ" ಎಂದಳು ಚುಕ್ಕಿ.

"ಯಾಕೆ? ಅಲ್ಲ ಚುಕ್ಕೀ, ವಾಪಸ್ ಹೋಗೋಕೂ ಒಂದು ದಾರಿ ಬೇಕಂತೆ ನೋಡು! ನಾನು ಕರೆಂಟು ಬರುತ್ತೆ, ಬಲ್ಬಿನಲ್ಲಿ ಉರಿದು ಮುಗಿದುಹೋಗುತ್ತೆ ಅಂದ್ಕೊಂಡಿದ್ದೆ." ಅಪ್ಪ ನಡುಬೀದಿಯಲ್ಲೇ ನಿಂತು ಕಂಬದಿಂದ ಮನೆಗಿಳಿದಿದ್ದ ತಂತಿ ನೋಡಿದ. "ಅಲ್ಲಿ ಮೂಲೆ ಹಲಗೇಲಿ ಆ ಹುಡುಗಿ ಏನು ಮಾಡ್ತಿದ್ಲು ಕಂಡ್ಯಾ? ಎರಡು ಸ್ವಿಚ್ಚು, ಒಂದೇ ಬಲ್ಬು. ಮೆಟ್ಟಿಲ ಕೆಳಗೆ ಹಾಕಿ, ಮೇಲೆ ಹೋಗಿ ಆರಿಸ್ಬೋದು! ಹೇಗೆ ಮಾಡ್ತಾರೆ ಅದನ್ನ?"

ಅವನ ಬೆರಳು ಗಾಳಿಯಲ್ಲಿ ಗೆರೆ ಎಳೆಯುತ್ತಿತ್ತು. ಹಿಂದಿನಿಂದ ಸೈಕಲ್ಲಿನವನು ಗಂಟೆ ಹೊಡೆದರೂ ಕೇಳಿಸಲಿಲ್ಲ. ಚುಕ್ಕಿ ಬೆರಗಾಗಿ ಅವನ ಮುಖ ನೋಡಿದಳು. ಈ ದನಿ ಅವಳಿಗೆ ಗೊತ್ತಿತ್ತು. ಎಷ್ಟು ದಿನವಾಗಿತ್ತು ಇದನ್ನು ಕೇಳಿ!

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಕೇಳಿದಳು, "ಯಾವುದಕ್ಕೆ ಸೇರ್ತೀರಿ?"

ಅಪ್ಪ ಚುಕ್ಕಿಯತ್ತ ನೋಡಿ ತಲೆ ತಗ್ಗಿಸಿದ. "ಮೂರು ತಿಂಗಳದ್ದೇ ಸಾಕು ಅನ್ಸುತ್ತೆ. ನೀನು ಬೇಕರಿಯಿಂದ ಬರೋದು ಕತ್ತಲಾದ ಮೇಲೆ. ಸಂಜೆ ಇವಳೊಬ್ಬಳೇ ಆಗ್ತಾಳೆ."

"ಮತ್ತೆ ಶೆಡ್ಡಿಂದು?"

"ಊಹೂಂ" ಎಂದ ಅಪ್ಪ.

ಚುಕ್ಕಿ ಇಡೀ ದಿನ ಬಯಸಿದ್ದು ಇದನ್ನೇ. ಕುಣಿದಾಡಬೇಕಿತ್ತು. ಆದರೆ ಆ 'ಊಹೂಂ' ಕೇಳಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ವಾಪಸ್ ಇಟ್ಟಳು.

"ಟೈ ಅಣ್ಣ ನಿಂಗೆ ಬೈಯೋದೇ ಇಲ್ಲ ಅಪ್ಪಾ" ಎಂದಳು.

"ಒಳ್ಳೇದೇ ಆಯ್ತಲ್ಲ."

"ಒಳ್ಳೇದಲ್ಲ. ವೈರಿಗೆಲ್ಲ ನೀಲಿ ಬಳಿದಿದೀನಿ ಅಂದ್ರೂ ಅವನು 'ಸೂಪರ್ ಸರ್' ಅಂತಾನೆ."

ಅಮ್ಮ ಗೊಳ್ಳೆಂದು ನಕ್ಕಳು. ಅಪ್ಪ ನಗಲಿಲ್ಲ. "ಸಂಜೆ ಏನ್ ಮಾಡ್ತೀಯ ನೀನು?" ಎಂದು ಕೇಳಿದ.

"ಪಕ್ಕದ ಮನೆ ಟೈಲರ್ ಅಜ್ಜಿ ಇದ್ದಾರಲ್ಲ. ಮತ್ತೆ ನಂಗೇನು ಕೆಲಸ ಇಲ್ವಾ? ಹೋಂವರ್ಕ್ ಅಷ್ಟೊಂದಿರುತ್ತೆ!" ಎಂದು ಚುಕ್ಕಿ ಜೋರಾಗಿ ಹೇಳಿ, ನೀರಿನ ಲೋಟ ಎತ್ತಿ ಮುಖಕ್ಕೆ ಅಡ್ಡ ಹಿಡಿದಳು.

ಮಾರನೆಯ ದಿನ ಮೇಡಂ ಬಂದು ಮನೆಯ ವೈರು ಸರಿಪಡಿಸಿ ಹೋದರು. ಶೆಡ್ಡಿನ ಕ್ಲಾಸು ಶುರುವಾದ ದಿನ ಅಪ್ಪ ತಲೆ ಬಾಚಿ, ಚೀಲ ಹೆಗಲಿಗೇರಿಸಿ, ಮೊದಲ ದಿನ ಶಾಲೆಗೆ ಹೊರಟ ಮಗುವಿನ ಹಾಗೆ ಬಾಗಿಲಲ್ಲಿ ನಿಂತ. "ಹೋಗ್ಲಾ?" ಎಂದು ಕೇಳಿದ.

"ಹುಷಾರು. ಕೆಂಪು, ಕಪ್ಪು, ಹಸಿರು" ಎಂದಳು ಚುಕ್ಕಿ.

ಅಪ್ಪ ಹೋದ ಮೇಲೆ ಸಂಜೆ ರಬ್ಬರಿನಂತೆ ಎಳೆದುಕೊಂಡೇ ಹೋಯಿತು. ಟೈಲರ್ ಅಜ್ಜಿಯ ಮಶೀನು ಕಟಕಟ ಅನ್ನುತ್ತಿತ್ತು. ಹೋಂವರ್ಕು ಬೇಗನೆ ಮುಗಿದುಹೋಯಿತು. ಬೀದಿಯಲ್ಲಿ ಯಾರೋ ಅಪ್ಪ, ಯಾರೋ ಮಗು ಕೈಹಿಡಿದು ಹೋದರು. ಚುಕ್ಕಿಗೆ ಸ್ವಲ್ಪ ಅಳುವೂ ಬಂತು.

ಊಟದ ಹೊತ್ತಿಗೆ ಅಮ್ಮ ಬಂದಳು. ಅಮ್ಮ ಬೀಗ ತೆಗೆದರೂ ಚುಕ್ಕಿ ಒಳಗೆ ಹೋಗದೆ ಹೊಸಿಲ ಮೇಲೆ ಕೂತಳು. ಆಗ ಬೀದಿಯ ಆ ತುದಿಯಿಂದಲೇ ಅಪ್ಪನ ದನಿ ಕೇಳಿಸಿತು. ಮನೆ ಮುಟ್ಟುವವರೆಗೂ ಅವನಿಗೆ ತಾಳ್ಮೆ ಇರಲಿಲ್ಲ.

"ಚುಕ್ಕೀ! ಇವತ್ತೂ ಬೈಸ್ಕೊಂಡೆ ಕಣೇ!"

"ಯಾಕೆ ಅಪ್ಪಾ?" ಎನ್ನುತ್ತ ಅವಳು ಹೊಸಿಲಲ್ಲಿ ಪಕ್ಕಕ್ಕೆ ಸರಿದು, ಅವನಿಗೆ ಕೂರಲು ಜಾಗ ಮಾಡಿದಳು.