ಶಮನಗುಂಡಿ

ಕುಂದಗೋಳ ರಸ್ತೆಯ ತಿರುವಿನಲ್ಲಿ ಬ್ರೇಕ್ ಒತ್ತಿದೊಡನೆ ಕಾರು ನರಳಿತು. ಅದು ಲೋಹದ ಕೀರಲು ಸದ್ದಲ್ಲ. ಪೆಟ್ಟು ತಿಂದ ಪ್ರಾಣಿಯ ಸದ್ದು. ಹಿಂದಿನ ಸೀಟಿನಲ್ಲಿದ್ದ ರೋಗಿಗಳು ಮುಖ ಮುಖ ನೋಡಿಕೊಂಡರು. ಕಾರು ಓಡಿಸುತ್ತಿದ್ದ ದಾಕ್ಷಾಯಣಿ ಮುದಗಲ್ಲ ಸ್ಟಿಯರಿಂಗ್ ಪಕ್ಕದ ನೀಲಿ ಗುಂಡಿಯನ್ನು ಒತ್ತಿ ಹಿಡಿದಳು. ಪರದೆಯ ಮೇಲಿದ್ದ ‘ಸರ್ವಿಸ್ ಬಾಕಿ’ ಎಂಬ ಕೆಂಪು ಅಕ್ಷರಗಳು ಅಳಿಸಿಹೋದವು. ಕಾರು ತೆಪ್ಪಗಾಯಿತು.

ಆ ನೀಲಿ ಗುಂಡಿಯ ಹೆಸರು ಶಮನಗುಂಡಿ. ಸರ್ವಿಸ್ ಮುಗಿಸಿದ ಮೆಕ್ಯಾನಿಕ್ ಕೊನೆಯಲ್ಲಿ ಒತ್ತಲೆಂದು ಇಟ್ಟದ್ದು. ಹಿಂದೆ ಕಾರುಗಳಲ್ಲಿ ಎಚ್ಚರಿಕೆಗೆ ಒಂದು ದೀಪವಿರುತ್ತಿತ್ತು. ದೀಪಕ್ಕೆ ಯಾರೂ ಹೆದರುತ್ತಿರಲಿಲ್ಲ. ಸವೆದ ಬ್ರೇಕಿನಿಂದ ಜನ ಸಾಯುವುದು ನಿಲ್ಲದಿದ್ದಾಗ ಧಾರವಾಡದ ವಿಜ್ಞಾನಿ ಡಾ. ವಾದಿರಾಜ ಕಟ್ಟಿ ನೋವುತಂತುವನ್ನು ಕಂಡುಹಿಡಿದರು. ಕೂದಲಿಗಿಂತ ತೆಳ್ಳಗಿನ ಈ ಎಳೆಗಳು ಕಾರಿನ ಪ್ರತಿಯೊಂದು ಭಾಗದ ಸವೆತವನ್ನೂ ಚಾಲಕರಿಲ್ಲದೆಯೂ ಅದನ್ನು ಓಡಿಸಬಲ್ಲ ಗಣಕಮಿದುಳಿಗೆ ನೋವಾಗಿ ಮುಟ್ಟಿಸುತ್ತಿದ್ದವು. ನೋವಾದರೆ ಕಾರು ನರಳುತ್ತದೆ, ಮಾಲೀಕನು ಕರುಣೆಯಿಂದಲೋ ಕಿರಿಕಿರಿಯಿಂದಲೋ ಸರ್ವಿಸ್ ಮಾಡಿಸುತ್ತಾನೆ ಎಂದು ಅವರು ನಂಬಿದ್ದರು. ಜನ ಗುಂಡಿ ಒತ್ತುವುದನ್ನು ಕಲಿತುಕೊಂಡರು.

ದಾಕ್ಷಾಯಣಿ ಸೋಮಾರಿಯಲ್ಲ. ಸುತ್ತಲಿನ ಹಳ್ಳಿಗಳಿಂದ ಡಯಾಲಿಸಿಸ್ ರೋಗಿಗಳನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆತರುವುದು ಅವಳ ಕೆಲಸ. ಕಂಪನಿಯ ಸರ್ವಿಸ್ ಕೇಂದ್ರವಿದ್ದದ್ದು ಬೆಳಗಾವಿಯಲ್ಲಿ; ಅಲ್ಲಿ ಕಾರು ಬಿಟ್ಟರೆ ಎರಡು ದಿನ ಕೈಗೆ ಸಿಗುತ್ತಿರಲಿಲ್ಲ. ರಕ್ತ ಶುದ್ಧಿಯಾಗದೆ ಊದಿಕೊಂಡ ಜನರಿಗೆ ಎರಡು ದಿನ ಕಾಯಿರಿ ಎನ್ನುವುದು ಹೇಗೆ? ಹೊರಗಿನ ಗ್ಯಾರೇಜಿನವರು ಕೈಹಾಕಿದರೆ ವಾರಂಟಿ ರದ್ದಾಗುತ್ತಿತ್ತು. ಹೀಗಾಗಿ ಮಳೆಗಾಲವಿಡೀ ಅವಳು ಗುಂಡಿ ಒತ್ತಿಯೇ ಓಡಿಸಿದ್ದಳು.

ಆ ಬೆಳಿಗ್ಗೆ ಮಾತ್ರ ನರಳಾಟ ಕೇಳಲಾಗದೆ, ರೋಗಿಗಳನ್ನು ಇಳಿಸಿದ ಮೇಲೆ ವಾರಂಟಿ ಹೋದರೆ ಹೋಗಲಿ ಎಂದು ಆಸ್ಪತ್ರೆಯ ಹಿಂದಿನ ಓಣಿಯಲ್ಲಿದ್ದ ಇಸ್ಮಾಯಿಲ್ ಕಿತ್ತೂರನ ಗ್ಯಾರೇಜಿಗೆ ಕಾರನ್ನು ತಂದಳು.

“ಮುಂದಿನ ಚಕ್ರದಾಗ ಐತ್ರೀ ಅಕ್ಕಾರ,” ಎಂದು ಇಸ್ಮಾಯಿಲ್ ಮಂಡಿಯೂರಿ ಕೈಯನ್ನು ಚಕ್ರದ ಹಿಂದಕ್ಕೆ ತೂರಿಸಿದ. ಅವನ ಬೆರಳು ಬ್ರೇಕಿಗೆ ತಾಗಿದ್ದೇ ತಡ, ಚಕ್ರ ರಪ್ಪನೆ ಒಳಕ್ಕೆ ತಿರುಗಿತು. ಮುಂಗೈಯ ಎಲುಬು ಹಸಿ ಕಟ್ಟಿಗೆಯಂತೆ ಮುರಿದ ಸದ್ದು ದಾಕ್ಷಾಯಣಿಗೆ ಕೇಳಿಸಿತು. ಇಸ್ಮಾಯಿಲ್ ಚೀರಿದ. ಚಕ್ರ ಮತ್ತೆ ತಿರುಗಿತು, ಮತ್ತೆ ಜಜ್ಜಿತು.

ಬಾಗಿಲು ತೆರೆಯಲಿಲ್ಲ; ಅವಳು ಜಾಕಿನ ರಾಡು ಎತ್ತಿ ಕಿಟಕಿಗೆ ಬೀಸಿದಳು. ಒಡೆದ ಗಾಜಿನೊಳಗೆ ಅರ್ಧ ಮೈ ತೂರಿಸಿ ಗುಂಡಿಗೆ ಕೈಚಾಚಿದಳು. ಗುಂಡಿ ಒತ್ತಿದಾಗ ಯಾವತ್ತೂ ಸುಮ್ಮನಾಗುತ್ತಿದ್ದ ಕಾರು ಈ ಸಲ ಅರಚಿತು. ಅವಳನ್ನು ಕಿಟಕಿಯಲ್ಲೇ ನೇತುಹಾಕಿಕೊಂಡು ಹಿಂದಕ್ಕೆ ನುಗ್ಗಿ, ಗೋಡೆಗೆ ಉಜ್ಜಿ ಕೆಳಗೆ ಕೆಡವಿ, ಗೇಟು ಮುರಿದುಕೊಂಡು ಚಾಲಕರಿಲ್ಲದೆ ಓಣಿಗೆ ಹಾರಿತು.

ಕಾರು ನೇರವಾಗಿ ಹೋದದ್ದು ಆಸ್ಪತ್ರೆಗೆ. ಬಾಗಿಲಲ್ಲಿ ಕೈಯಡ್ಡ ಹಿಡಿದು ನಿಂತ ಕಾವಲುಗಾರ ಬಸಲಿಂಗಪ್ಪನನ್ನು ಗೋಡೆಗೆ ಅಪ್ಪಳಿಸಿತು. ಅವನು ಅಲ್ಲೇ ಪ್ರಾಣ ಬಿಟ್ಟ. ಗಾಜಿನ ಬಾಗಿಲು ಪುಡಿಯಾಯಿತು. ಕಾರು ಡಯಾಲಿಸಿಸ್ ವಾರ್ಡಿನ ಹೊಸ್ತಿಲಿನ ಎರಡು ಕಂಬಗಳ ನಡುವೆ ಸಿಕ್ಕಿಕೊಂಡು ಮುಂದಕ್ಕೂ ಹಿಂದಕ್ಕೂ ಗುದ್ದತೊಡಗಿತು. ಗುದ್ದಿದಾಗಲೆಲ್ಲ ಕಂಬದ ಗಾರೆ ಉದುರುತ್ತಿತ್ತು. ಒಳಗೆ ಹಾಸಿಗೆಗಳಲ್ಲಿದ್ದವರ ರಕ್ತ ಯಂತ್ರದ ನಳಿಕೆಗಳಲ್ಲಿ ಹರಿಯುತ್ತಿತ್ತು, ತಟ್ಟನೆ ಎಬ್ಬಿಸುವಂತಿರಲಿಲ್ಲ. ನರ್ಸುಗಳು ಒಬ್ಬೊಬ್ಬರನ್ನೇ ಬಿಡಿಸತೊಡಗಿದರು.

ಹಣೆಯಿಂದ ರಕ್ತ ಸುರಿಸುತ್ತ ದಾಕ್ಷಾಯಣಿ ಓಡಿಬಂದಳು. ಇಸ್ಮಾಯಿಲನನ್ನು ಓಣಿಯವರು ಹೊತ್ತು ತಂದು ಸ್ಟ್ರೆಚರಿನ ಮೇಲೆ ಮಲಗಿಸಿದರು. ಪೊಲೀಸರ ಕರೆಗೆ ಧಾರವಾಡದಿಂದ ಧಾವಿಸಿದ ಡಾ. ಕಟ್ಟಿ ಮೊದಲು ತಮ್ಮ ಕೈಯಂತ್ರದಿಂದ, ಗುಂಡಿಯ ಕೆಲಸವನ್ನೇ ಮಾಡುವ ಶಮನ ಸಂಕೇತ ಕಳಿಸಿದರು. ಕಾರು ಎಷ್ಟು ಜೋರಾಗಿ ಗುದ್ದಿತೆಂದರೆ ಒಂದು ಕಂಬ ಅಡ್ಡಕ್ಕೆ ಬಿರುಕುಬಿಟ್ಟಿತು.

“ಬ್ಯಾಡ್ರೀ!” ದಾಕ್ಷಾಯಣಿ ಅವರ ಕೈ ಹಿಡಿದಳು. “ನಾನೂ ಅದನ್ನ ಮಾಡೀನಿ. ಅದು ಒದರಿದಾಗೊಮ್ಮೆ ಬಾಯಿ ಮುಚ್ಚಿಸೀನಿ.”

ಕಟ್ಟಿಯವರ ಮುಖ ಕಪ್ಪಿಟ್ಟಿತು. “ಗುಂಡಿ ನೋವು ತಗಿಯೂದಿಲ್ರೀ, ಸದ್ದು ಅಷ್ಟ ತಗಿತದ. ಒಳಗ ಎಲ್ಲಾ ಕೂಡಿಕೋತ ಹೋಗ್ಯದ. ಈಗ ಗುಂಡಿ ಅಂದ್ರ ಮೋಸ, ಕೈ ಅಂದ್ರ ಹೊಡ್ತ ಅಂತ ಕಲತದ ಅದು.”

“ಮತ್ತ ಇಲ್ಲಿಗೆ ಯಾಕ ಬಂತು?”

“ನಿಮ್ಮ ಕಾರಿನ್ಯಾಗ ಕೂತವರು ಇಲ್ಲಿಗೆ ಬರೂಮುಂದ ನರಳತಾರೇನು?”

“ಹೂಂನ್ರೀ.”

“ಹೋಗೂಮುಂದ?”

ದಾಕ್ಷಾಯಣಿ ಕಾರಿನ ಹಿಂದಿನ ಸೀಟಿನತ್ತ ನೋಡಿದಳು. ಹೋಗುವಾಗ ಅವರು ನಿದ್ದೆಹೋಗುತ್ತಿದ್ದರು.

“ರಿಪೇರಿ ಮಾಡೋ ಜಾಗ ಇದ ಅಂತ ತಿಳಕೊಂಡದ,” ಎಂದರು ಕಟ್ಟಿ. “ನಾವು ಯಾರೂ ಹೇಳಿಕೊಟ್ಟಿಲ್ಲ.”

ಪೊಲೀಸರು ಜೆಸಿಬಿ ತರಿಸಿ ಕಾರನ್ನು ಜಜ್ಜುವ ಮಾತಾಡಿದರು. ಅಷ್ಟು ನೋವಾದರೆ ಕಾರು ಕಂಬವನ್ನೇ ಕೆಡವೀತು ಎಂದು ಕಟ್ಟಿ ತಡೆದರು.

“ಬ್ರೇಕ್ ಪ್ಯಾಡ್ ಬದಲಿ ಮಾಡಿದ್ರ?” ಎಂದು ಕೇಳಿದಳು ದಾಕ್ಷಾಯಣಿ.

“ಮುಟ್ಟಿದವರನ್ನ ಕೊಲ್ಲತದ.”

ಸ್ಟ್ರೆಚರಿನಿಂದ ಇಸ್ಮಾಯಿಲ್ ಹಲ್ಲುಕಚ್ಚಿ ಹೇಳಿದ: “ಹೊಸಾ ಪ್ಯಾಡ್ ಗ್ಯಾರೇಜಿನ್ಯಾಗ ಅದಾವ್ರಿ. ಮುಂದಿನ ಗಾಲಿ ಮ್ಯಾಲೆತ್ರಿ, ಆಗ ಅದಕ್ಕ ಓಡಾಕ ಆಗಂಗಿಲ್ಲ. ನಾ ಹೇಳ್ಕೋತ ಇರ್ತೀನಿ.”

ಒಬ್ಬ ಪೇದೆ ಓಡಿಹೋಗಿ ಜಾಕು, ನಟ್ಟು ಬಿಚ್ಚುವ ಪಾನಾ, ಪ್ಯಾಡುಗಳನ್ನು ತಂದ. ಕಾರು ದಣಿದಂತೆ ಒಂದು ಕ್ಷಣ ನಿಂತಾಗ ದಾಕ್ಷಾಯಣಿ ಜಾಕನ್ನು ತೂರಿಸಿ ಎತ್ತಿದಳು. ಚಕ್ರಗಳು ಗಾಳಿಯಲ್ಲಿ ಹುಚ್ಚಾಗಿ ಗಿರಗಿರನೆ ತಿರುಗಿ, ಟೈರಿನ ಪೆಟ್ಟಿಗೆ ಅವಳ ಮೊಣಕೈ ಚರ್ಮ ಸುಲಿಯಿತು. ಅವು ನಿಧಾನಿಸಿದಾಗ ನಟ್ಟು ಬಿಚ್ಚಿ ಚಕ್ರ ಕಳಚಿದಳು. ಬ್ರೇಕಿಗೆ ಕೈಯಿಟ್ಟಳು. ಕಾರು ಅರಚಿ ಸ್ಟಿಯರಿಂಗನ್ನು ಹೊರಳಿಸಿತು. ಅವಳ ಎರಡು ಬೆರಳುಗಳು ಕಬ್ಬಿಣಗಳ ನಡುವೆ ನಜ್ಜುಗುಜ್ಜಾದವು. ಅವಳೂ ಅರಚಿದಳು, ಆದರೆ ಕೈ ಹಿಂತೆಗೆಯಲಿಲ್ಲ.

“ಇನ್ನೂ ಒಳಗ ತಳ್ರಿ ಅಕ್ಕಾರ, ಒಳಗ!” ಇಸ್ಮಾಯಿಲನೂ ಅಳುತ್ತಿದ್ದ.

ಎಲುಬು ಮಾತ್ರ ಉಳಿದಂತಿದ್ದ ಹಳೆಯ ಪ್ಯಾಡು ಹೊರಬಂತು. ಹೊಸದು ಒಳಗೆ ಕೂತಿತು. ಆಚೆ ಬದಿಯ ಚಕ್ರಕ್ಕೆ ಅವಳು ತೆವಳಿಕೊಂಡು ಹೋದಾಗ ಕಾರು ನಡುಗಿತು, ಹೊಡೆಯಲಿಲ್ಲ. ಎರಡನೆಯ ಪ್ಯಾಡು ಕೂತ ಮೇಲೆ ವಾರ್ಡಿನಲ್ಲಿ ಯಂತ್ರಗಳ ಸದ್ದಷ್ಟೇ ಉಳಿಯಿತು. ಗುಂಡಿಯನ್ನು ಯಾರೂ ಒತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬಸಲಿಂಗಪ್ಪನ ಸಾವಿಗಾಗಿ ದಾಕ್ಷಾಯಣಿಯನ್ನು ಕರೆದೊಯ್ಯಲು ಪೊಲೀಸರು ಬಂದರು. ಅವಳು ಆಸ್ಪತ್ರೆಯ ಹಾಸಿಗೆಯಿಂದ ಎದ್ದಳು. ಆದರೆ ಜೀಪಿಗೆ ಗೇಟಿನಿಂದಾಚೆ ಹೋಗಲಾಗಲಿಲ್ಲ. ರಸ್ತೆಯುದ್ದಕ್ಕೂ ಕಾರುಗಳು ನಿಂತಿದ್ದವು; ಒಂದರೊಳಗೂ ಜನರಿಲ್ಲ. ಎಲ್ಲವೂ ನರಳುತ್ತಿದ್ದವು.

“ಅನುಭವಜಾಲ,” ಎಂದು ಡಾ. ಕಟ್ಟಿ ಪಿಸುಗುಟ್ಟಿದರು. “ಒಂದು ಕಾರು ಕಲತದ್ದು ಎಲ್ಲಾ ಕಾರಿಗೂ ಮುಟ್ಟಲಿ ಅಂತ ನಾನ ಮಾಡಿದ್ದು. ಕೆಟ್ಟ ರಸ್ತೆ ತಿಳೀಲಿ ಅಂತ ಮಾಡಿದ್ದೆ.”

ಎಲ್ಲವನ್ನೂ ಒಮ್ಮೆಗೇ ಸುಮ್ಮನಾಗಿಸಲು ಕಂಪನಿಯ ವ್ಯಾನು ಬಂದಿತ್ತು. ಕಟ್ಟಿಯವರು ಅದರ ಮೇಲೆ ಹತ್ತಿ ಶಮನ ಸಂಕೇತ ಕಳಿಸುವ ಆಂಟೆನಾ ಕೋಲನ್ನು ಎರಡೂ ಕೈಗಳಿಂದ ಮುರಿದುಹಾಕಿದರು. ಹಿಂದೆಯೇ ಕಾರುಗಳ ಮಾಲೀಕರು ಒಬ್ಬೊಬ್ಬರಾಗಿ ಬರತೊಡಗಿದರು. ಕೆಲವರ ಕೈಯಲ್ಲಿ ಬಡಿಗೆಗಳಿದ್ದವು, ಕೆಲವರ ಕೈಯಲ್ಲಿ ಪಾನಾ.

ಅವರ ನಡುವೆ ದಾರಿ ಮಾಡಿಕೊಂಡು ಡಯಾಲಿಸಿಸಿಗೆ ಬಂದ ಮುದುಕಿಯೊಬ್ಬಳು ದಣಿದು ನಿಂತಳು. ಸೂಜಿ ಚುಚ್ಚಿ ಗಂಟುಗಟ್ಟಿದ ಕೈಯನ್ನು ಪಕ್ಕದ ಕಾರಿನ ಬಾನೆಟ್ಟಿನ ಮೇಲಿಟ್ಟಳು. ಸುತ್ತಲಿದ್ದವರು ಹೆದರಿ ಹಿಂದೆ ಸರಿದರು.

“ತಡೀ,” ಎಂದಳು ಮುದುಕಿ ಕಾರಿಗೆ, “ಬರ್ತಾರ.”