ಗೋಡೆಯಾಚೆಯ ಫ್ಯಾನು

ನಮ್ಮ ವಾರ್ಡಿನ ಪಕ್ಕದ ಕೋಣೆ ಒಡೆಯುವಾಗ ನಡುವೆ ದಪ್ಪ ಪ್ಲಾಸ್ಟಿಕ್ ಪರದೆ ಕಟ್ಟಿ, ಆಚೆ ಧೂಳನ್ನು ಹೊರಗೆಳೆಯುವ ದೊಡ್ಡ ಫ್ಯಾನು ಇಟ್ಟಿದ್ದರು. ಅದು ನಿಂತರೆ ಧೂಳಿನ ಬೂಷ್ಟು ರೋಗಿಗಳ ಎದೆ ಸೇರುತ್ತದೆ. ನಾನು ನರ್ಸ್, ನನಗೆ ಗೊತ್ತಿತ್ತು.

ಪರದೆಯ ಪಕ್ಕದ ಹಾಸಿಗೆಯಲ್ಲಿ ರಕ್ತದ ಕ್ಯಾನ್ಸರಿನ ಟೀಚರಮ್ಮ ಇದ್ದರು. "ಮಗಳೇ, ಈ ಗುಂಯ್ ಅನ್ನೋದು ಕಿವಿ ತಿಂತಿದೆ. ಮಧ್ಯಾಹ್ನ ಒಂದು ತಾಸು ಆರಿಸೇ. ಯಾರಿಗೂ ಹೇಳಲ್ಲ ಬಿಡು," ಎಂದು ನಕ್ಕರು. ಕಥೆ ಹೇಳುವಾಗ ನಮ್ಮಜ್ಜಿ ನಗುತ್ತಿದ್ದುದು ಹಾಗೆಯೇ. ನಾಲ್ಕು ದಿನ, ಮಧ್ಯಾಹ್ನ ಎರಡು ಗಂಟೆಗೆ ಆರಿಸಿದೆ. ಆರಿಸಿದೊಡನೆ ಪರದೆ ಉಸಿರು ಬಿಟ್ಟಂತೆ ನಮ್ಮ ಕಡೆಗೆ ಉಬ್ಬುತ್ತಿತ್ತು.

ಅದಾದ ಮೂರನೆಯ ವಾರ ಶ್ವಾಸಕೋಶಕ್ಕೆ ಬೂಷ್ಟು ಹತ್ತಿ ಅವರು ತೀರಿಹೋದರು. ಕೊನೆಯವರೆಗೂ ಯಾರಿಗೂ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಈಗ ಅಲ್ಲಿ ಬಣ್ಣ ಬಳಿದ ಗೋಡೆಯಿದೆ. ಫ್ಯಾನು ಕೊಂಡೊಯ್ದು ಆರು ತಿಂಗಳಾಯಿತು. ಆದರೂ ಆ ಹಾಸಿಗೆಗೆ ಬಂದವರೆಲ್ಲ, "ಗೋಡೆಯೊಳಗೆ ಏನೋ ಗುಂಯ್ ಅಂತಿದೆಯಲ್ಲ ಸಿಸ್ಟರ್?" ಎನ್ನುತ್ತಾರೆ. ನಾನು ಹೊದಿಕೆ ಕೊಡವಿ ಹೊದಿಸುತ್ತೇನೆ.

ನಿನ್ನೆ ಮಧ್ಯಾಹ್ನ ಹತ್ತಿರ ಹೋದಾಗ ಅಲ್ಲಿ ಮಲಗಿದ್ದ ಹುಡುಗಿ ನನ್ನತ್ತ ನೋಡಿ ನಕ್ಕಳು. "ಎರಡು ಗಂಟೆಗೆ ಆ ಗುಂಯ್ ಅನ್ನೋದನ್ನ ಆರಿಸಿದ್ದಕ್ಕೆ ಥ್ಯಾಂಕ್ಸ್ ಸಿಸ್ಟರ್. ಯಾರಿಗೂ ಹೇಳಲ್ಲ ಬಿಡಿ."

ಎರಡು ಗಂಟೆಗೆ ನಾನು ವಾರ್ಡಿನ ಇನ್ನೊಂದು ತುದಿಯಲ್ಲಿ ಕೈ ತೊಳೆಯುತ್ತಿದ್ದೆ.